ಎಐ ಬಳಸಿದ ಹಾಡಿನ ಹಕ್ಕು ಕೈತಪ್ಪದಿರಲು

ಮೊದಲು ಆ್ಯಪ್‌ನ ಷರತ್ತು ಓದಿ. ಹಾಡು ಮಾಡಿಕೊಡುವ ಎಐ ಆ್ಯಪ್ ಸುನೋದ ಉಚಿತ ಪ್ಲ್ಯಾನ್‌ನಲ್ಲಿ ಮಾಡಿದ ಹಾಡಿನಿಂದ ದುಡ್ಡು ಮಾಡುವಂತಿಲ್ಲ. ಆಮೇಲೆ ಚಂದಾ ಕಟ್ಟಿದರೂ ಹಳೆಯ ಹಾಡಿಗೆ ಆ ಅನುಮತಿ ತಾನಾಗಿ ಬರುವುದಿಲ್ಲ.

ಸಾಹಿತ್ಯ, ಟ್ಯೂನ್ ನಿಮ್ಮದೇ ಆಗಿರಲಿ. ಎಲ್ಲಕ್ಕಿಂತ ಮುಖ್ಯವಾದದ್ದು ಇದೇ. ಎಷ್ಟೇ ವಿವರವಾದ ಪ್ರಾಂಪ್ಟ್ (ಎಐಗೆ ಕೊಡುವ ಸೂಚನೆ) ಬರೆದರೂ ಬರೀ ಅದರಿಂದ ಕರ್ತೃತ್ವ ಸಿಗದು ಎಂದು ಅಮೆರಿಕದ ಕಾಪಿರೈಟ್ ಕಚೇರಿ 2025ರ ಜನವರಿಯ ವರದಿಯಲ್ಲಿ ಹೇಳಿದೆ. ಗುನುಗಿದ ಟ್ಯೂನನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಡಿ. ಪಲ್ಲವಿ ತಿದ್ದಿದ ಕರಡುಗಳು, ಪ್ರಾಜೆಕ್ಟ್ ಫೈಲ್ ಎಲ್ಲವೂ ದಿನಾಂಕದ ಸಮೇತ ಒಂದೇ ಫೋಲ್ಡರ್‌ನಲ್ಲಿರಲಿ. ಎಐ ಕೊಟ್ಟ ಟ್ರ್ಯಾಕನ್ನು ಪ್ರತ್ಯೇಕ ವೇವ್ ಫೈಲಾಗಿ ಉಳಿಸಿ; ಎಲ್ಲವೂ ಒಂದೇ ಮಿಕ್ಸ್‌ನಲ್ಲಿ ಬೆರೆತರೆ ನಿಮ್ಮ ಪಾಲು ಯಾವುದೆಂದು ತೋರಿಸುವುದು ಕಷ್ಟ.

ಅಮೆರಿಕದಲ್ಲಿ ನೋಂದಾಯಿಸುವಾಗ ಸಾಹಿತ್ಯ ಮತ್ತು ಟ್ಯೂನಿಗಷ್ಟೇ ಹಕ್ಕು ಕೇಳಿ, ಎಐ ನುಡಿಸಿದ ವಾದ್ಯಭಾಗವನ್ನು ಹೊರಗಿಟ್ಟಿದ್ದೀರೆಂದು ಅರ್ಜಿಯಲ್ಲೇ ಬರೆಯಿರಿ. ಮುಚ್ಚಿಟ್ಟರೆ ನೋಂದಣಿಯೇ ರದ್ದಾಗಬಹುದು.

ಬೇರೆಯವರ ವಿಡಿಯೊಗಳಲ್ಲಿ ನಿಮ್ಮ ಹಾಡನ್ನು ಪತ್ತೆಹಚ್ಚುವ ಯೂಟ್ಯೂಬ್‌ನ ವ್ಯವಸ್ಥೆಯಾದ ಕಂಟೆಂಟ್ ಐಡಿಗೆ ಸೇರಿಸಲು ಹಾಡು ಸಂಪೂರ್ಣ ನಿಮ್ಮ ಸ್ವಾಮ್ಯದಲ್ಲಿರಬೇಕು. ಪೂರ್ತಿ ಎಐ ಟ್ರ್ಯಾಕನ್ನು ಅಲ್ಲಿ ಹಾಕಬೇಡಿ.

ದನಿಯ ವಿಷಯದಲ್ಲಿ ರಿಯಾಯಿತಿಯೇ ಬೇಡ. ಅರಿಜಿತ್ ಸಿಂಗ್ ಅವರ ದನಿಯ ಎಐ ನಕಲಿಗೆ ಬಾಂಬೆ ಹೈಕೋರ್ಟ್ 2024ರಲ್ಲಿ ತಡೆ ಕೊಟ್ಟಿದೆ. ಹೆಸರಿಲ್ಲದ ಟ್ರ್ಯಾಕ್ ಸಿಂಗರ್‌ಗೂ ಅದೇ ಗೌರವ ಸಲ್ಲಬೇಕು: ಯಾವ ಹಾಡು, ಎಷ್ಟು ಕಾಲ, ಎಷ್ಟು ಸಂಭಾವನೆ ಎಂದು ಬರೆದ ಕಾಗದಕ್ಕೆ ಅವರ ಸಹಿ ಬೀಳುವವರೆಗೆ ದನಿ ಕ್ಲೋನ್ ಮಾಡಬೇಡಿ.