ಹಳೆಯ ಸೈನಿಕ ರೈಫಲ್ ಕೊಳ್ಳುವವರಿಗೆ: ಆಯ್ಕೆ, ಪರೀಕ್ಷೆ, ಬಳಕೆ ಮತ್ತು ಆರೈಕೆ

ಎರಡು ಮಹಾಯುದ್ಧಗಳ ಅಗತ್ಯಕ್ಕಾಗಿ ಕೋಟಿಗಟ್ಟಲೆ ತಯಾರಾದ, ಪ್ರತಿ ಗುಂಡಿಗೂ ಬೋಲ್ಟ್ ಎಂಬ ಉಕ್ಕಿನ ಅಗುಳಿಯನ್ನು ಕೈಯಿಂದ ಎಳೆದು ತಳ್ಳಬೇಕಾದ ಬೋಲ್ಟ್ ರೈಫಲ್‌ಗಳು, ಸೈನ್ಯಗಳು ಸ್ವಯಂಚಾಲಿತ ಶಸ್ತ್ರಗಳತ್ತ ಹೊರಳಿದ ಮೇಲೆ, ಮೈತುಂಬ ಗ್ರೀಸು ಬಳಿಸಿಕೊಂಡು ಉಗ್ರಾಣಗಳಲ್ಲಿ ದಶಕಗಳ ಕಾಲ ಮಲಗಿದ್ದವು. 1991ರಲ್ಲಿ ಸೋವಿಯತ್ ಒಕ್ಕೂಟ ಒಡೆದ ನಂತರ ಆ ಉಗ್ರಾಣಗಳಲ್ಲಿ ಹಲವು ಬಾಗಿಲು ತೆರೆದವು. ಕಾನೂನು ಒಪ್ಪುವ ದೇಶಗಳಲ್ಲಿ ಸಾಮಾನ್ಯ ಹವ್ಯಾಸಿಯೂ ಒಂದು ನೈಜ ಸೈನಿಕ ರೈಫಲ್ ಇಟ್ಟುಕೊಳ್ಳುವುದು ಸಾಧ್ಯವಾಯಿತು. ಇವು ಅಗ್ಗವಾಗಿದ್ದುದಕ್ಕೆ ಕಾರಣ ಕಳಪೆತನವಲ್ಲ, ಸಂಖ್ಯೆ. ಆದರೂ ಕೊಳ್ಳುವಾಗ ಉಳಿಸಿದ ಹಣವನ್ನು ಮುಂದೆ ಮೈಮುರಿದು ತೀರಿಸಬೇಕಾಗುತ್ತದೆ ಎಂಬುದನ್ನು ಮೊದಲೇ ತಿಳಿದಿರುವುದು ಒಳ್ಳೆಯದು: ತಿಕ್ಕುವ, ತೊಳೆಯುವ, ಅಳೆಯುವ ಕೆಲಸದಲ್ಲಿ ಸಂತೋಷ ಕಾಣದವರಿಗೆ ಈ ಹವ್ಯಾಸ ಒಗ್ಗುವುದಿಲ್ಲ.

ಕಾನೂನಿನ ವಿಚಾರದಲ್ಲಿ ಒಂದೇ ಮಾತು ಸಾಕು. ಪರವಾನಗಿ, ನೋಂದಣಿ, ಸಾಗಣೆ, ಮನೆಯಲ್ಲಿ ಬೀಗ ಹಾಕಿ ಇಡುವ ಕ್ರಮ, ಇವೆಲ್ಲ ದೇಶದಿಂದ ದೇಶಕ್ಕೆ ಬೇರೆ; ಸೈನಿಕ ಅಳತೆಯ ತೋಟಾ ಬಳಸುವ ಕೋವಿಯನ್ನು ನಾಗರಿಕರು ಹೊಂದುವಂತೆಯೇ ಇಲ್ಲ ಎನ್ನುವ ದೇಶಗಳೂ ಇವೆ. ನಿಮ್ಮಲ್ಲಿ ಏನು ನಿಯಮವೆಂಬುದನ್ನು ಮಾರುವವನ ಬಾಯಿಂದಲ್ಲ, ಪರವಾನಗಿ ನೀಡುವ ಕಚೇರಿಯಿಂದ ಕೇಳಿ ತಿಳಿದುಕೊಂಡು, ಆಮೇಲೆ ರೈಫಲ್ ನೋಡಲು ಹೊರಡಿ.

ಯಾವ ರೈಫಲ್ ಎಂಬ ಪ್ರಶ್ನೆಗೆ ಹೆಚ್ಚಿನವರು ರೂಪ ನೋಡಿ ಉತ್ತರಿಸುತ್ತಾರೆ; ತೋಟಾ ನೋಡಿ ಉತ್ತರಿಸುವುದು ಜಾಣತನ. ಕೋವಿಯನ್ನು ಒಮ್ಮೆ ಕೊಂಡರಾಯಿತು, ತೋಟಾವನ್ನು ಕೊಳ್ಳುತ್ತಲೇ ಇರಬೇಕು. ರಷ್ಯಾದ ಮೋಸಿನ್-ನಗಾಂ 1891ರಲ್ಲಿ ಸೇವೆಗೆ ಬಂದದ್ದು, ಆದರೆ ಅದರ 7.62×54 ಮಿ.ಮೀ. ರಿಮ್ ತೋಟಾವನ್ನು (ರಿಮ್ ಎಂದರೆ ತೋಟಾದ ಬುಡದಲ್ಲಿ ಹೊರಚಾಚಿದ ಅಂಚು) ಇಂದಿಗೂ ಮೆಷಿನ್‌ಗನ್‌ಗಳಲ್ಲಿ ಬಳಸುತ್ತಾರೆ, ಹಾಗಾಗಿ ಅದರ ತಯಾರಿಕೆ ನಿಂತಿಲ್ಲ. ಬ್ರಿಟಿಷ್ ಲೀ-ಎನ್‌ಫೀಲ್ಡ್ ಹತ್ತು ಗುಂಡುಗಳ ಮ್ಯಾಗಜೀನಿನದು. ಅದರ ಬೋಲ್ಟ್ ಎಷ್ಟು ನುಣುಪಾಗಿ, ಎಷ್ಟು ವೇಗವಾಗಿ ಓಡುತ್ತದೆಂದರೆ ಅದನ್ನು ಬಳಸಿದ ಮೇಲೆ ಮೋಸಿನ್ ಹಿಡಿದರೆ ಎತ್ತಿನ ಗಾಡಿ ಹತ್ತಿದಂತಾಗುತ್ತದೆ. ಜರ್ಮನಿಯ ಮೌಸರ್ 98 ಮತ್ತು ಅದರ ಮಾದರಿಯಲ್ಲೇ ಚೆಕೊಸ್ಲೊವಾಕಿಯ, ಯುಗೊಸ್ಲಾವಿಯ ಮುಂತಾದೆಡೆ ತಯಾರಾದ ಹೆಚ್ಚಿನ ರೈಫಲ್‌ಗಳಿಗೆ 7.92×57 ತೋಟಾ ಬೇಕು. ಮುಚ್ಚಿದ ಬೋಲ್ಟನ್ನು ಹಿಡಿದಿಡುವ ಮುಂದಿನ ಎರಡು ಚಾಚುಗಳ ಜೊತೆಗೆ ಹಿಂಭಾಗದಲ್ಲಿ ಮೂರನೆಯದೊಂದು ಸುರಕ್ಷತಾ ಚಾಚು ಇರುವುದರಿಂದ ಇವುಗಳ ಗಟ್ಟಿತನಕ್ಕೆ ಹೆಸರಿದೆ. ಸ್ವಿಟ್ಜರ್ಲೆಂಡಿನ ಕೆ31 ನೇರವಾಗಿ ಹಿಂದಕ್ಕೆ ಎಳೆಯುವ ಬೋಲ್ಟ್‌ನದು, ನಿಖರತೆಯಲ್ಲಿ ಉಳಿದವುಗಳಿಗಿಂತ ಒಂದು ಕೈ ಮೇಲು. ಅದರ ಹಿಂದುಗಡೆಯ ಲೋಹದ ಫಲಕ ಬಿಚ್ಚಿದರೆ, ಅದನ್ನು ಹೊತ್ತಿದ್ದ ಸೈನಿಕನ ಹೆಸರಿನ ಚೀಟಿ ಹಲವು ಬಾರಿ ಒಳಗೆ ಹಾಗೆಯೇ ಇರುತ್ತದೆ.

ಒಂದು ಎಚ್ಚರಿಕೆ. ನೋಡಲು ಒಂದೇ ಆಗಿರುವ ಎರಡು ರೈಫಲ್‌ಗಳ ತೋಟಾ ಬೇರೆಬೇರೆ ಆಗಿರಬಹುದು. ಪಶ್ಚಿಮ ಬಂಗಾಳದ ಇಶಾಪುರ ಕಾರ್ಖಾನೆಯಲ್ಲಿ 1960ರ ದಶಕದಲ್ಲಿ ತಯಾರಾದ 2ಎ1 ಹೊರನೋಟಕ್ಕೆ ಹಳೆಯ ಲೀ-ಎನ್‌ಫೀಲ್ಡೇ; ಆದರೆ ಅದು ಹಳೆಯದರಂತೆ .303 ಇಂಚಿನ ತೋಟಾದ್ದಲ್ಲ, 7.62 ನೇಟೊ ತೋಟಾದ್ದು, ಚೌಕಾಕಾರದ ಮ್ಯಾಗಜೀನೊಂದೇ ಮೇಲ್ನೋಟದ ಗುರುತು. ಹಾಗೆಯೇ ಜರ್ಮನಿಯ ಮಾದರಿ 1888ರ ರೈಫಲ್‌ಗಳ ಮೊದಲ ನಳಿಗೆಗಳು ಸುಮಾರು 8.08 ಮಿ.ಮೀ. ಗುಂಡಿಗೆ ಮಾಡಿದವು, ನಂತರ ಬಂದ ಗುಂಡು ಸುಮಾರು 8.2 ಮಿ.ಮೀ.; ದಪ್ಪ ಗುಂಡನ್ನು ಕಿರಿದಾದ ನಳಿಗೆಯಲ್ಲಿ ಹಾರಿಸಿದರೆ ಒತ್ತಡ ಅಪಾಯದ ಮಟ್ಟಕ್ಕೇರುತ್ತದೆ. ಅಮೆರಿಕದ ಸ್ಪ್ರಿಂಗ್‌ಫೀಲ್ಡ್ 1903ರ ಪೈಕಿ ಆ ಹೆಸರಿನ ಕಾರ್ಖಾನೆಯಿಂದ ಬಂದ, 8,00,000ಕ್ಕಿಂತ ಕಡಿಮೆ ಕ್ರಮಸಂಖ್ಯೆಯವುಗಳ ಉಕ್ಕು ಕಾಯಿಸುವಾಗಲೇ ಅತಿಯಾಗಿ ಬೆಂದು ಪೆಡಸಾಗಿರುವ ಸಾಧ್ಯತೆ ಇರುವುದರಿಂದ, ಅಂಥದ್ದು ಸಿಕ್ಕರೆ ಗೋಡೆಗೆ ತೂಗುಹಾಕಿ, ಹಾರಿಸಬೇಡಿ.

ಇನ್ನು ಪರೀಕ್ಷೆ. ರೈಫಲ್ ಎಂದರೆ ನಳಿಗೆ. ಉಳಿದದ್ದೆಲ್ಲ ಅದನ್ನು ಹಿಡಿದು ನಿಲ್ಲಿಸುವ ಸಾಮಾನು. ಕೋವಿ ಕೈಗೆ ಬಂದೊಡನೆ ಬೋಲ್ಟ್ ತೆರೆದು ಖಾಲಿಯಿರುವುದನ್ನು ಕಣ್ಣಿಂದಲೂ ಬೆರಳಿಂದಲೂ ಖಚಿತಪಡಿಸಿಕೊಂಡು, ಬೋಲ್ಟನ್ನು ಹೊರತೆಗೆದು, ಹಿಂದಿನಿಂದ ಬೆಳಕಿನತ್ತ ನೋಡಿ. ಒಳಗಿನ ಸುರುಳಿ ಗೀರುಗಳ ಅಂಚು ಚೂಪಾಗಿದ್ದರೆ, ನಳಿಗೆ ಸ್ವಲ್ಪ ಕಪ್ಪಾಗಿದ್ದರೂ ಚಿಂತೆಯಿಲ್ಲ. ಎಷ್ಟೋ ಮಬ್ಬು ನಳಿಗೆಗಳು ಹೊಳೆಯುವ ನಳಿಗೆಗಳಷ್ಟೇ ಚೆನ್ನಾಗಿ ಗುಂಡು ಕೂರಿಸುತ್ತವೆ. ಗೀರುಗಳು ತೇಯ್ದು ದುಂಡಾಗಿದ್ದರೆ, ಅಥವಾ ಒಳಗೋಡೆಯಲ್ಲಿ ನೆರಳಿನ ಉಂಗುರದಂತೆ ಉಬ್ಬು ಕಂಡರೆ, ಬೆಲೆ ಎಷ್ಟೇ ಇಳಿದರೂ ಮರಳಿಸಿಬಿಡಿ. ಆಮೇಲೆ ಮೂತಿಯ ಕಡೆ ನೋಡಿ. ಸೈನಿಕರು ಉಕ್ಕಿನ ಕೋಲನ್ನು ಮೂತಿಯಿಂದಲೇ ತೂರಿಸಿ ತಿಕ್ಕುತ್ತಿದ್ದ ಕಾರಣ ಅಲ್ಲಿಯ ಗೀರುಗಳು ಮೊದಲು ಸವೆಯುತ್ತವೆ. ಸೋವಿಯತ್ ಕಾರ್ಯಾಗಾರಗಳು ಇದಕ್ಕೆ ಪರಿಹಾರವಾಗಿ ಸವೆದ ಭಾಗವನ್ನು ಒಳಗಿನಿಂದ ಕೊರೆದು ಅಗಲಿಸುತ್ತಿದ್ದವು. ಮೂತಿಯಲ್ಲಿ ಕೆಲವು ಸೆಂಟಿಮೀಟರ್ ಗೀರುಗಳೇ ಇಲ್ಲದಿರುವುದು ಕಂಡರೆ ಅದು ದೋಷವಲ್ಲ, ದುರಸ್ತಿ.

ಎರಡನೆಯದು, ಕಣ್ಣಿಗೆ ಕಾಣದ ಒಂದು ಅಳತೆ: ಮುಚ್ಚಿದ ಬೋಲ್ಟ್‌ನ ಮುಖಕ್ಕೂ ತೋಟಾ ತಡೆದು ನಿಲ್ಲುವ ಜಾಗಕ್ಕೂ ನಡುವಣ ಅಂತರ. ಹೆಡ್‌ಸ್ಪೇಸ್ ಎಂದು ಕರೆಯುವ ಈ ಅಂತರ ಮಿತಿ ಮೀರಿದರೆ ತೋಟಾದ ಹಿತ್ತಾಳೆ ಹಿಗ್ಗಿ ಹರಿದು, ಬಿಸಿ ಅನಿಲ ಹಿಂದಕ್ಕೆ, ಅಂದರೆ ನಿಮ್ಮ ಮುಖದ ಕಡೆಗೆ, ನುಗ್ಗುತ್ತದೆ. ಒಂದು ರೈಫಲಿನ ಬೋಲ್ಟ್ ಇನ್ನೊಂದಕ್ಕೆ ಹೋಗಿರುವ ಸಂಭವ ಹಳೆಯ ಸೈನಿಕ ಕೋವಿಗಳಲ್ಲಿ ಹೆಚ್ಚು. ಬೋಲ್ಟ್ ಮತ್ತು ದೇಹದ ಮೇಲಿನ ಸಂಖ್ಯೆಗಳು ಒಂದೇ ಆಗಿದ್ದರೂ, ಮರುದುರಸ್ತಿಯ ವೇಳೆ ಹಳೆಯ ಸಂಖ್ಯೆ ಹೊಡೆದುಹಾಕಿ ಹೊಸದನ್ನು ಒತ್ತಿರುವುದೂ ಉಂಟು. ಬಂದೂಕು ಕಮ್ಮಾರನಲ್ಲಿಗೆ ಒಯ್ದು ಅಳತೆಗೋಲು ಇಟ್ಟು ನೋಡಿಸಿ. ಲೀ-ಎನ್‌ಫೀಲ್ಡ್ ನಂ. 4ರಲ್ಲಿ ಬೋಲ್ಟ್‌ನ ತಲೆ ಮಾತ್ರ ಬದಲಿಸಿ ಇದನ್ನು ಸರಿಪಡಿಸಬಹುದು. 0ಯಿಂದ 3ರವರೆಗೆ ಸಂಖ್ಯೆ ಹೊತ್ತ ತಲೆಗಳು ಅದಕ್ಕೆಂದೇ ಇವೆ. ಮೋಸಿನ್ನಿನಲ್ಲಿ, ತೋಟಾದ ಬುಡಕ್ಕೆ ಬಡಿದು ಅದನ್ನು ಹೊತ್ತಿಸುವ ಸೂಜಿಮೊಳೆ ಎಷ್ಟು ಮುಂದೆ ಚಾಚಬೇಕೆಂಬುದನ್ನೂ ನೋಡಬೇಕು. ಆ ರೈಫಲಿನ ಜೊತೆಗೆ ಬರುವ ಚಪ್ಪಟೆ ಸಲಕರಣೆಯಲ್ಲಿ 75 ಮತ್ತು 95 ಎಂದು ಬರೆದ ಎರಡು ಕಚ್ಚುಗಳಿರುತ್ತವೆ: ಸೂಜಿಮೊಳೆ 75ರ ಕಚ್ಚನ್ನು ಮುಟ್ಟಬೇಕು, 95ರದನ್ನು ಮುಟ್ಟಬಾರದು. ಬಹಳ ಜನ ಅದನ್ನು ಬರೀ ತಿರುಪು ತಿರುಗಿಸುವ ಸಾಧನ ಎಂದುಕೊಂಡು ಪೆಟ್ಟಿಗೆಯಲ್ಲೇ ಬಿಟ್ಟಿರುತ್ತಾರೆ.

ಮನೆಗೆ ತಂದ ಮೇಲಿನ ಮೊದಲ ಕೆಲಸ ಗ್ರೀಸು ತೆಗೆಯುವುದು. ಕಾಸ್ಮೊಲಿನ್ ಎಂಬ ಈ ಕಂದು ಅಂಟು ಪೆಟ್ರೋಲಿಯಂನಿಂದ ಮಾಡಿದ್ದು; ವರ್ಷಗಳು ಕಳೆದಂತೆ ಗಟ್ಟಿಯಾಗಿ ಮೇಣದಂತಾಗುತ್ತದೆ. ಶಾಖ ಅದರ ಶತ್ರು. ಲೋಹದ ಬಿಡಿಭಾಗಗಳನ್ನು ಬಿಚ್ಚಿ ಕುದಿಯುವ ನೀರಿನಲ್ಲಿ ಅದ್ದಿದರೆ ಅದು ಕರಗಿ ಮೇಲೆ ತೇಲುತ್ತದೆ. ತೆಗೆದೊಡನೆ ಒರೆಸಿ ಎಣ್ಣೆ ಸವರಬೇಕು. ಬಾಕಿ ಉಳಿದದ್ದಕ್ಕೆ ಟರ್ಪೆಂಟೈನ್ ಬದಲಿಯಾಗಿ ಮಾರುವ ಬಣ್ಣದ ತಿಳಿಗಾರಕ (ಥಿನ್ನರ್) ಸಾಕು, ಗಾಳಿಯಾಡುವ ಜಾಗ ಬೇಕು. ಪೆಟ್ರೋಲು ಬೇಡವೇ ಬೇಡ. ಮರದ ಭಾಗವನ್ನು ಕಪ್ಪು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಬಿಸಿಲಿಗೆ ಇಟ್ಟರೆ ಒಳಗಿನ ಗ್ರೀಸು ಬೆವರಿನಂತೆ ಹೊರಬರುತ್ತದೆ, ಆಗಾಗ ಒರೆಸುತ್ತಿರಬೇಕು. ಎರಡು ಜಾಗಗಳನ್ನು ಮರೆಯಬಾರದು. ಒಂದು, ತೋಟಾ ಕೂರುವ ಗೂಡು: ಮೋಸಿನ್ನಿನ ಬೋಲ್ಟ್ ಎರಡು ಸುತ್ತು ಹಾರಿಸಿದ ಮೇಲೆ ಅಂಟಿಕೊಂಡು, ಅಂಗೈಯಿಂದ ಗುದ್ದಿದರೂ ತೆರೆಯುವುದಿಲ್ಲವೆಂಬ ದೂರಿಗೆ ಸಾಮಾನ್ಯವಾಗಿ ಗೂಡಿನಲ್ಲಿ ಉಳಿದ ಗ್ರೀಸೇ ಕಾರಣ. ನಾನೂ ಮೊದಲ ದಿನ ಇದೇ ಕಾರಣಕ್ಕೆ ಕೈ ನೋಯಿಸಿಕೊಂಡು, ತಪ್ಪನ್ನು ರೈಫಲಿನ ಮೇಲೆ ಹೊರಿಸಿದ್ದೆ. ಇನ್ನೊಂದು, ಬೋಲ್ಟ್‌ನ ಒಳಗು. ಎಸ್‌ಕೆಎಸ್‌ ಎಂಬ ಸೋವಿಯತ್ ಮಾದರಿಯಂಥ ಅರೆಸ್ವಯಂಚಾಲಿತ (ಮದ್ದಿನ ಅನಿಲವೇ ಬೋಲ್ಟನ್ನು ಓಡಿಸುವ) ರೈಫಲಿನಲ್ಲಿ ಸೂಜಿಮೊಳೆ ಸ್ಪ್ರಿಂಗಿಲ್ಲದೆ ಸಡಿಲವಾಗಿ ಓಡಾಡಬೇಕು. ಗ್ರೀಸಿನಲ್ಲಿ ಅದು ಮುಂದೆ ಸಿಕ್ಕಿಕೊಂಡರೆ ಬೋಲ್ಟ್ ಮುಚ್ಚಿದೊಡನೆ, ಕುದುರೆ (ಟ್ರಿಗರ್) ಎಳೆಯದೆಯೇ, ಗುಂಡು ಹಾರಿಬಿಡುತ್ತದೆ.

ಹಳೆಯ ಸೈನಿಕ ತೋಟಾಗಳು ಮುದ್ರೆ ಹಾಕಿದ ತಗಡಿನ ಡಬ್ಬಿಗಳಲ್ಲಿ ಬರುತ್ತವೆ. ಮೋಸಿನ್ನಿನವು ಸಾಮಾನ್ಯವಾಗಿ ಡಬ್ಬಿಗೆ 440. ಇವು ಒಂದು ಕಾಲದಲ್ಲಿ ಅಗ್ಗವಾಗಿದ್ದವು, ಬಹುಮಟ್ಟಿಗೆ ನಂಬಿಕಸ್ತವೂ ಹೌದು, ಆದರೆ ಇವುಗಳ ಕೇಪಿನಲ್ಲಿ, ಅಂದರೆ ಸೂಜಿಮೊಳೆ ಬಡಿದಾಗ ಮದ್ದಿಗೆ ಕಿಡಿ ಹತ್ತಿಸುವ ಪುಟ್ಟ ಬಟ್ಟಲಿನಲ್ಲಿ, ಪೊಟ್ಯಾಸಿಯಂ ಕ್ಲೋರೇಟ್ ಇರುತ್ತದೆ. ಅದು ಉರಿದಾಗ ಪೊಟ್ಯಾಸಿಯಂ ಕ್ಲೋರೈಡ್ ಎಂಬ ಲವಣವಾಗಿ ನಳಿಗೆಯ ಒಳಮೈಗೆ ಹತ್ತಿಕೊಳ್ಳುತ್ತದೆ. ಅಡುಗೆ ಉಪ್ಪಿನ ಹಾಗೆಯೇ ಗಾಳಿಯ ತೇವ ಹೀರಿಕೊಂಡು ಉಕ್ಕನ್ನು ತುಕ್ಕು ಹಿಡಿಸುತ್ತದೆ. ಮಳೆಗಾಲದ ಗಾಳಿಯಾದರೆ ಒಂದೇ ರಾತ್ರಿ ಸಾಕು. ಡಬ್ಬಿಯ ಮೇಲೆ ಏನೇ ಬರೆದಿರಲಿ, ಹಳೆಯ ಸೈನಿಕ ತೋಟಾವೆಂದರೆ ಉಪ್ಪು ಬಿಡುವ ತೋಟಾ ಎಂದೇ ಎಣಿಸಿ ನಡೆದುಕೊಳ್ಳುವುದು ಕ್ಷೇಮ.

ಗುರಿ ಮೈದಾನದ ನಿಯಮಗಳು ಎಲ್ಲ ಕೋವಿಗಳಿಗೂ ಒಂದೇ: ಯಾವ ಕೋವಿಯನ್ನೂ ಖಾಲಿಯೆಂದು ಭಾವಿಸಬಾರದು, ಹಾನಿ ಮಾಡಲು ಇಚ್ಛಿಸದ ಯಾವುದರತ್ತಲೂ ಮೂತಿ ತಿರುಗಿಸಬಾರದು, ಗುರಿ ಹಿಡಿಯುವವರೆಗೆ ಬೆರಳು ಕುದುರೆಯ ಹೊರಗಿರಬೇಕು, ಗುರಿಯ ಹಿಂದೆ ಏನಿದೆಯೆಂದು ತಿಳಿದಿರಬೇಕು. ಕಿವಿಗೂ ಕಣ್ಣಿಗೂ ರಕ್ಷಣೆ ಕಡ್ಡಾಯ. ಹಳೆಯ ತೋಟಾಕ್ಕೆ ಇನ್ನೊಂದು ನಿಯಮ ಸೇರಿಸಬೇಕು: ಕುದುರೆ ಎಳೆದಾಗ ಬರೀ ಕ್ಲಿಕ್ ಎಂದರೆ ತಕ್ಷಣ ಬೋಲ್ಟ್ ತೆರೆಯಬಾರದು. ಮದ್ದು ತಡವಾಗಿ ಹೊತ್ತಿಕೊಳ್ಳುವ ಸಾಧ್ಯತೆ ಇರುವುದರಿಂದ ಮೂತಿಯನ್ನು ಗುರಿಯತ್ತಲೇ ಹಿಡಿದು ಕನಿಷ್ಠ ಒಂದು ನಿಮಿಷ ಕಾಯಬೇಕು. ಸದ್ದು ಎಂದಿಗಿಂತ ಮಂದವಾಗಿ ಕೇಳಿಸಿದರೆ ಅಲ್ಲಿಗೆ ನಿಲ್ಲಿಸಿ, ಕೋವಿ ಖಾಲಿ ಮಾಡಿ, ನಳಿಗೆಯಲ್ಲಿ ಗುಂಡು ಸಿಕ್ಕಿಕೊಂಡಿಲ್ಲವೆಂದು ಕೋಲು ತೂರಿಸಿ ನೋಡದೆ ಮುಂದಿನದನ್ನು ಹಾರಿಸಬೇಡಿ.

ಲೀ-ಎನ್‌ಫೀಲ್ಡಿಗೆ ಗುಂಡು ತುಂಬುವಾಗ ಪ್ರತಿ ತೋಟಾದ ಬುಡದ ಅಂಚು ಕೆಳಗಿನದರ ಅಂಚಿಗಿಂತ ಮುಂದಿರುವಂತೆ ಜೋಡಿಸಬೇಕು. ಹಿಂದುಮುಂದಾದರೆ ಅಂಚುಗಳು ಒಂದಕ್ಕೊಂದು ಕಚ್ಚಿಕೊಂಡು ಬೋಲ್ಟ್ ನಿಂತುಬಿಡುತ್ತದೆ. ಗುಂಡು ಎಡಕ್ಕೋ ಬಲಕ್ಕೋ ಹೋಗುತ್ತಿದ್ದರೆ ಮುಂದಿನ ಸೈಟನ್ನು (ಗುರಿ ನೋಡಲು ನಳಿಗೆಯ ಮೇಲಿರುವ ಪುಟ್ಟ ಕಂಬವನ್ನು) ಗುಂಡುಗಳು ಬೀಳುತ್ತಿರುವ ದಿಕ್ಕಿಗೇ ಸ್ವಲ್ಪ ಸರಿಸಬೇಕು. ಮೋಸಿನ್‌ನ 1930ರ ಸುಧಾರಿತ ಮಾದರಿಯಾದ 91/30 ಗುರಿ ತಪ್ಪುತ್ತದೆಂದು ಹಳಿಯುವ ಮೊದಲು ಒಂದು ಸಂಗತಿ ನೆನಪಿರಲಿ: ಸೋವಿಯತ್ ಸೈನ್ಯ ಅದರ ಸೈಟನ್ನು ಮೂತಿಗೆ ಬಾಯೊನೆಟ್ (ಬಂದೂಕಿನ ಚೂರಿ) ಸಿಕ್ಕಿಸಿಯೇ ಹೊಂದಿಸುತ್ತಿತ್ತು, ಅದನ್ನು ತೆಗೆದರೆ ಗುಂಡು ಬೀಳುವ ಜಾಗ ಬದಲಾಗುವುದು ಸಹಜ. ಗುಂಡು ಮೇಲಕ್ಕೆ ಹೋಗುತ್ತಿದ್ದರೆ ಮುಂದಿನ ಸೈಟಿನ ಕಂಬಕ್ಕೆ ತಂತಿಯ ಹೊರಕವಚದ ತುಂಡೊಂದನ್ನು ತೊಡಿಸಿ, ಎತ್ತರ ಸರಿಹೋಗುವವರೆಗೆ ಕತ್ತರಿಸುತ್ತ ಬರಬಹುದು. ಬೇಡವೆನಿಸಿದ ದಿನ ತೆಗೆದರೆ ರೈಫಲ್ ಮೊದಲಿನಂತೆಯೇ ಇರುತ್ತದೆ.

ಈ ಕೊನೆಯ ಮಾತನ್ನು ಎಲ್ಲ ಬದಲಾವಣೆಗಳಿಗೂ ಅನ್ವಯಿಸಿಕೊಳ್ಳಿ. ನಳಿಗೆ ಕತ್ತರಿಸಿದ, ಮರ ಕೆತ್ತಿ ತೆಳುಮಾಡಿದ, ಮುದ್ರೆಗಳು ಮಾಯುವಂತೆ ಉಜ್ಜಿದ ರೈಫಲ್ ಮತ್ತೆ ಹಳೆಯದಾಗುವುದಿಲ್ಲ. ಮರದ ತಗ್ಗುಗಳ ಮೇಲೆ ಒದ್ದೆ ಬಟ್ಟೆ ಹಾಕಿ ಇಸ್ತ್ರಿಪೆಟ್ಟಿಗೆ ಒತ್ತಿದರೆ ನಾರು ಉಬ್ಬಿ ತಗ್ಗು ಬಹುಪಾಲು ತುಂಬುತ್ತದೆ, ಮರಳು ಕಾಗದ ಬೇಕಾಗುವುದಿಲ್ಲ. ಎಣ್ಣೆ ಕುಡಿದ ಮರಕ್ಕೆ ಅಗಸೆ ಎಣ್ಣೆ ತೆಳುವಾಗಿ ತಿಕ್ಕಬಹುದು. ಬಳಸಿದ ಚಿಂದಿಯನ್ನು ಮಾತ್ರ ಮುದ್ದೆಮಾಡಿ ಎಸೆಯದೆ ಹರವಿ ಒಣಗಿಸಿ, ಏಕೆಂದರೆ ಅದು ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳಬಲ್ಲದು.

ಗುಂಡು ಹಾರಿಸಿದ ದಿನವೇ ತೊಳೆಯಬೇಕು, ಮರುದಿನವಲ್ಲ. ಉಪ್ಪು ಎಣ್ಣೆಯಲ್ಲಿ ಕರಗುವುದಿಲ್ಲ, ನೀರಿನಲ್ಲಿ ಕರಗುತ್ತದೆ. ಗಾಜು ಒರೆಸುವ ಅಮೋನಿಯಾ ದ್ರವ ಉಪ್ಪನ್ನು ಕೊಲ್ಲುತ್ತದೆಂದು ಹೇಳುವವರಿದ್ದಾರೆ, ಅದರಲ್ಲಿ ಕೆಲಸ ಮಾಡುವುದು ಅದರೊಳಗಿನ ನೀರೇ. ಬೋಲ್ಟ್ ತೆಗೆದು, ಗೂಡಿನ ಕಡೆಯಿಂದ ಆಲಿಕೆ ಇಟ್ಟು, ಮರದೊಳಕ್ಕೆ ಇಳಿಯದಂತೆ ಒಂದೆರಡು ಲೀಟರ್ ಕುದಿನೀರು ಸುರಿಯಿರಿ. ಉಕ್ಕು ಕಾದು ತೇವವನ್ನು ತಾನೇ ಆರಿಸಿಕೊಳ್ಳುತ್ತದೆ. ಬೋಲ್ಟ್‌ನ ಮುಖವನ್ನೂ ಸೂಜಿಮೊಳೆಯ ತುದಿಯನ್ನೂ, ಅರೆಸ್ವಯಂಚಾಲಿತವಾದರೆ ಅನಿಲದ ಕೊಳವೆ ಮತ್ತು ಪಿಸ್ಟನ್ನನ್ನೂ ಹೀಗೆಯೇ ತೊಳೆಯಬೇಕು. ಒಣ ಬಟ್ಟೆ ತುಂಡು ತೂರಿಸಿ, ಮದ್ದಿನ ಮಸಿಗೆ ಸಾಲ್ವೆಂಟ್ ಹಚ್ಚಿ, ಬಟ್ಟೆ ಬೆಳ್ಳಗೆ ಬರುವವರೆಗೆ ತಿಕ್ಕಿ, ಕೊನೆಗೆ ತೆಳುವಾಗಿ ಎಣ್ಣೆ. ಸಾಧ್ಯವಿರುವ ಕಡೆಯೆಲ್ಲ ಕೋಲನ್ನು ಹಿಂದಿನಿಂದಲೇ ತೂರಿಸಿ. ಮೂತಿಯಿಂದಲೇ ತೂರಿಸಬೇಕಾದ ರೈಫಲಿಗೆ ಅಂಚು ಕಾಯುವ ಹಿತ್ತಾಳೆಯ ಬಿಲ್ಲೆ ಸಿಗುತ್ತದೆ. ಸೀಸದ ಮಸಿ ಕೈಗೆ ಹತ್ತಿರುತ್ತದೆ, ಆದ್ದರಿಂದ ಏನನ್ನೂ ತಿನ್ನುವ ಮೊದಲು ಕೈ ತೊಳೆದುಕೊಳ್ಳಿ.

ರೈಫಲನ್ನು ಬೀಗದ ಕಪಾಟಿನಲ್ಲಿ, ತೋಟಾವನ್ನು ಬೇರೆ ಬೀಗದಡಿ ಇಡಬೇಕು. ಚರ್ಮದ ಅಥವಾ ಸ್ಪಂಜಿನ ಚೀಲದಲ್ಲಿ ತಿಂಗಳುಗಟ್ಟಲೆ ಬಿಡಬೇಡಿ, ಅವು ತೇವ ಹಿಡಿದಿಡುತ್ತವೆ. ಎರಡು ಮೂರು ದಿನ ಬಿಟ್ಟು ಒಂದು ಬಿಳಿಬಟ್ಟೆಯನ್ನು ನಳಿಗೆಯಲ್ಲಿ ತೂರಿಸಿ ನೋಡಿ. ಕಂದು ಬಣ್ಣ ಬಂದರೆ ಉಪ್ಪು ಉಳಿದಿದೆಯೆಂದರ್ಥ, ಮತ್ತೆ ನೀರು ಕಾಯಿಸಬೇಕು. ಸ್ವಚ್ಛವಾಗಿ ಬಂದರೆ ಎಣ್ಣೆ ಸವರಿ ಬೀಗ ಹಾಕಿ. ಮುಂದಿನ ಸಲ ಹಾರಿಸುವ ಮುನ್ನ ಆ ಎಣ್ಣೆಯನ್ನು ಒಣಬಟ್ಟೆಯಿಂದ ಒರೆಸಿ ತೆಗೆಯಿರಿ.