ಬೆಳ್ಳಗಿರೋದೆಲ್ಲ ಚೌಳಲ್ಲ

ಮೂರು ವರ್ಷ ಕೈ ಸುಟ್ಟುಕೊಂಡ ಮೇಲೆ, ಚೌಳು (ಉಪ್ಪು ಹತ್ತಿದ ನೆಲ) ಎಲ್ಲೆಲ್ಲಿದೆ ಅಂತ ಉಪಗ್ರಹ ಚಿತ್ರ ನೋಡಿ ಮಾಡಿದ ನನ್ನ ನಕ್ಷೆ ಕೊನೆಗೂ ನೆಲಕ್ಕೆ ಹೊಂದಿತು. ಹಿರಿಯೂರು, ಚಳ್ಳಕೆರೆ ಕಡೆಯ ಸುಮಾರು 400 ಎಕರೆ, ಹೆಚ್ಚಿನದು ಮಳೆಯಾಶ್ರಿತ. 60 ಕಡೆ ಗುದ್ದಲಿ ಹಾಕಿ ನೋಡಿದೆ. ಹತ್ತಿರ ಹತ್ತಿರ 50 ಕಡೆ ನಕ್ಷೆ ಹೇಳಿದ್ದೇ ಸರಿ. "ಒಣಬೇಸಾಯದ ಹೊಲದಲ್ಲಿ ಉಪಗ್ರಹ ನಂಬ್ಕೊಂಡ್ರೆ ಮುಗೀತು" ಅಂದಿದ್ದ ಸ್ನೇಹಿತರೇ ಈಗ ಫೈಲ್ ಕೇಳುತ್ತಿದ್ದಾರೆ.

ಮೊದಲ ವರ್ಷ ಎಲ್ಲರೂ ಮಾಡುವುದನ್ನೇ ಮಾಡಿದೆ. ಹೆಬ್ಬಾಳದ ರೂಮಿನಲ್ಲಿ ಕೂತು ಏಪ್ರಿಲ್‌ನ ಒಂದು ಸೆಂಟಿನೆಲ್-2 ಉಪಗ್ರಹದ ಚಿತ್ರ ಇಳಿಸಿಕೊಂಡೆ. ಹೊಳೆಯುವ ಜಾಗಕ್ಕೆಲ್ಲ ಕೆಂಪು ಬಳಿದೆ. ಹೋಗಿ ನೋಡಿದರೆ ಒಂದು ಮಚ್ಚೆ ಬೆಣಚುಕಲ್ಲಿನ ದಿಬ್ಬ, ಇನ್ನೊಂದು ಹಳ್ಳದ ಮರಳು, ಮತ್ತೊಂದು ಒಕ್ಕಣೆ ಕಣ! "ಇದು ನಮ್ಮಜ್ಜನ ಕಾಲದ ಕಣ ಸಾರ್, ಚೌಳು ಅಲ್ಲೈತೆ ನೋಡಿ" ಅಂತ ಹೊಲದ ಯಜಮಾನರು ಕೈ ತೋರಿಸಿದರು. ಅಲ್ಲಿ ನನ್ನ ನಕ್ಷೆ ಹಸಿರಾಗಿತ್ತು. ಯಾಕಂದ್ರೆ ಚೌಳಿಗೂ ಜಗ್ಗದ ಬಳ್ಳಾರಿ ಜಾಲಿ ಸೊಂಪಾಗಿ ಬೆಳೆದಿತ್ತು. ಓಡಾಟ, ಲ್ಯಾಬ್ ಸೇರಿ ಆ ವರ್ಷ 30,000 ರೂಪಾಯಿಯ ಮೇಲೆ ನೀರಿಗೆ ಬಿತ್ತು.

ಎರಡನೇ ವರ್ಷ 70 ಮಣ್ಣಿನ ಮಾದರಿ ತಂದು ಮಹಡಿ ಮೇಲೆ ಪೇಪರ್ ಹಾಸಿ ಹರಡಿದೆ. ಮೇ ತಿಂಗಳು. ನಾನು ಎಸ್.ಪಿ. ರೋಡಿನಲ್ಲಿ ಉಪ್ಪಿನಂಶ ಅಳೆಯುವ ಮೀಟರಿಗೆ ಬ್ಯಾಟರಿ ಹುಡುಕುತ್ತಿದ್ದಾಗ ಹೆಬ್ಬಾಳದಲ್ಲಿ ಜೋರು ಮಳೆ. ಬಂದು ನೋಡಿದರೆ ಜೆಲ್ ಪೆನ್ನಿನ ಚೀಟಿಗಳೆಲ್ಲ ನೀಲಿ ಕಲೆ. ಮಧ್ಯಾಹ್ನ ಸುಣ್ಣ ಹಚ್ಚಿದಂತಿದ್ದ ಹೆಂಟೆಗಳು ಕಂದು ಬಣ್ಣಕ್ಕೆ ತಿರುಗಿದ್ದವು. ಬೆಣಚು ಹರಳುಗಳು ಮಾತ್ರ ಹಾಗೇ ಬೆಳ್ಳಗೆ ಕೂತಿದ್ದವು.

ಅವತ್ತೇ ದಾರಿ ಸಿಕ್ಕಿತು. ಉಪ್ಪು ಮಳೆಗೆ ಕರಗಿ ಇಳಿಯುತ್ತದೆ, ಬಿಸಿಲಿಗೆ ನೀರಿನ ಜೊತೆ ಮತ್ತೆ ಮೇಲೇರುತ್ತದೆ. ಕಲ್ಲು, ಮರಳು ಎಲ್ಲಿಗೂ ಹೋಗಲ್ಲ. ಹಾಗಾಗಿ ಈಗ ಒಂದು ಚಿತ್ರ ನಂಬುವುದಿಲ್ಲ. ಬೇಸಿಗೆಯದ್ದೊಂದು, ಮಳೆ ಬಿದ್ದು ಮೇಲ್ಮಣ್ಣು ಆರಿದ ಮೇಲಿನದ್ದೊಂದು, ಇನ್ನೂ ಬಿಸಿಲು ಕಾದು ಪೂರ್ತಿ ಒಣಗಿದ ಮೇಲಿನದ್ದೊಂದು. ಹೊಳಪು ಇಳಿದು ಮತ್ತೆ ಏರಿದರೆ ಅದು ಚೌಳು. ನಡುವೆ ಉಳುಮೆಯಾದ ಹೊಲ ಲೆಕ್ಕಕ್ಕಿಲ್ಲ. ಮಳೆಯಾದ ಎಷ್ಟನೇ ದಿನದ ಚಿತ್ರ, ಯಾವ ಎರಡು ಬ್ಯಾಂಡ್ (ಉಪಗ್ರಹ ಬೇರೆ ಬೇರೆಯಾಗಿ ಹಿಡಿಯುವ ಬೆಳಕಿನ ಪಟ್ಟಿ) ಅನ್ನೋದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ಚಿತ್ರದ ಒಂದು ಚುಕ್ಕಿ 10 ಮೀಟರ್ ಚೌಕ, ಅಂದರೆ ಹೆಚ್ಚುಕಮ್ಮಿ ಒಂದು ಗುಂಟೆ. ಅದಕ್ಕಿಂತ ಸಣ್ಣ ಮಚ್ಚೆ ತಪ್ಪಿಹೋಗುತ್ತದೆ.

ಕ್ಷಾರದ, ಅಂದರೆ ಸೋಡಿಯಂ ಜಾಸ್ತಿಯಾದ ನೆಲದ, ಕಥೆಯೇ ಬೇರೆ. ಅದು ಎಷ್ಟೋ ಕಡೆ ಬೆಳ್ಳಗಿರುವುದೇ ಇಲ್ಲ. ಸಾವಯವ ಅಂಶ ಕರಗಿ ನೆಲ ಕಪ್ಪಗಾಗಿರುತ್ತದೆ. ಬೋರ್‌ವೆಲ್ ನೀರಿನಲ್ಲಿ ಸೋಡಿಯಂ ಇರಬಹುದು ಅಂತ, ಅದನ್ನು ಹಾಯಿಸಿದ ಹೊಲಗಳನ್ನು ಮೊದಲು ಗುರುತು ಹಾಕಿಕೊಂಡು, ಕೈಯಲ್ಲೇ ಪರೀಕ್ಷೆ ಮಾಡಿದೆ. ಗಾಜಿನ ಲೋಟದಲ್ಲಿ ಮಳೆನೀರು, ಅದಕ್ಕೊಂದು ಒಣ ಹೆಂಟೆ, ಅಲ್ಲಾಡಿಸಬಾರದು. ಸೋಡಿಯಂ ಜಾಸ್ತಿ ಇದ್ದರೆ ಹೆಂಟೆಯ ಸುತ್ತ ಹಾಲಿನಂಥ ಮಬ್ಬು ಹರಡುತ್ತದೆ. ಬರೀ ಚೌಳಿನ ಹೆಂಟೆಗೆ ನೀರು ತಿಳಿಯಾಗೇ ಇರುತ್ತದೆ. ಫಿನಾಲ್ಫ್ತಲೀನ್ ಹನಿಯೂ ಜೊತೆಗಿರಲಿ, ಕ್ಷಾರಕ್ಕೆ ಅದು ಗುಲಾಬಿಗೆ ತಿರುಗುತ್ತದೆ. ಅನುಮಾನ ಬಂದ 20 ಮಾದರಿ ಮಾತ್ರ ಲ್ಯಾಬಿಗೆ ಕೊಟ್ಟೆ, ಖರ್ಚು ಮೂರನೇ ಒಂದು ಭಾಗಕ್ಕೆ ಇಳಿಯಿತು.

ಒಂದು ಪಾಲು ಮಣ್ಣಿಗೆ ಎರಡೂವರೆ ಪಾಲು ನೀರು ಬೆರೆಸಿದ (1:2.5) ದ್ರಾವಣದ ಇಸಿಗೆ (ವಿದ್ಯುತ್ ವಾಹಕತೆ, ಉಪ್ಪಿನ ಅಳತೆ) ಚೌಳು ಅನ್ನುವ 4ರ ಗಡಿ ಹಿಡಿಯಬೇಡಿ. ಅದು ಸ್ಯಾಚುರೇಶನ್ ಪೇಸ್ಟಿನ (ನೀರು ತುಂಬಿಸಿ ಕಲಸಿದ ಮಣ್ಣಿನ ಮುದ್ದೆಯ) ಗಡಿ, 1:2.5ರಲ್ಲಿ ನೀರು ಜಾಸ್ತಿ, ಓದು ತುಂಬಾ ಕಮ್ಮಿ ಬರುತ್ತದೆ. ದ್ರಾವಣಕ್ಕೆ ಬಳಸುವ ಬ್ಯಾಟರಿ ಅಂಗಡಿಯ ಡಿಸ್ಟಿಲ್ಡ್ ನೀರಿಗೂ ಮೊದಲು ಮೀಟರ್ ಅದ್ದಿ ನೋಡಿ. ನನಗೆ ಸಿಕ್ಕ ಒಂದು ಕ್ಯಾನ್ ಸುಮ್ನೆ ನಲ್ಲಿ ನೀರೇ ಆಗಿತ್ತು. ಮೊಬೈಲ್ ಫೋಟೋದ ಬಣ್ಣದಿಂದ ಕ್ಷಾರ ಹಿಡಿಯೋಕೂ ಒಂದು ತಿಂಗಳು ಒದ್ದಾಡಿದೆ. ಬೆಳಕು ಬದಲಾದಂತೆ ಉತ್ತರವೂ ಬದಲಾಗುತ್ತಿತ್ತು, ಬಿಟ್ಟೆ.

ಕಣ ತೋರಿಸಿದ ಯಜಮಾನರ 6 ಎಕರೆಯಲ್ಲಿ ಕ್ಷಾರ ಇದ್ದದ್ದು ಒಂದೂವರೆ ಎಕರೆ. ಅಷ್ಟಕ್ಕೇ ಕ್ಷಾರ ತಗ್ಗಿಸುವ ಜಿಪ್ಸಮ್ ಹಾಕಿಸಿದರು. ಉಳಿದ ದುಡ್ಡಲ್ಲಿ ಬದು ಸರಿಮಾಡಿಸಿ ಕಡಲೆಕಾಯಿ ಬಿತ್ತಿದ್ದಾರೆ.