ಕೋರಾ ಬಟ್ಟೆಗೆ ಬಣ್ಣ ಇಂಗಿಸಿದ್ದು: ನನ್ನ ಅನುಭವ

ವಾಷಿಂಗ್ಟನ್‌ನ ನ್ಯಾಷನಲ್ ಗ್ಯಾಲರಿಯಲ್ಲಿ ಅಮೆರಿಕದ ಚಿತ್ರಕಲಾವಿದೆ ಹೆಲೆನ್ ಫ್ರಾಂಕೆಂಥಾಲರ್ ಅವರ ‘ಮೌಂಟನ್ಸ್ ಅಂಡ್ ಸೀ’ ಮುಂದೆ ತುಂಬಾ ಹೊತ್ತು ನಿಂತಿದ್ದೆ. 1952ರಲ್ಲಿ, 23ನೇ ವಯಸ್ಸಿನಲ್ಲಿ ಅವರು ಬರೆದ ಚಿತ್ರ. ಸುಮಾರು 7 ಅಡಿ ಎತ್ತರ, 10 ಅಡಿ ಅಗಲ. ಬಣ್ಣ ಬಟ್ಟೆಯ ಮೇಲೆ ಕೂತಿರಲಿಲ್ಲ, ಬಟ್ಟೆಯೊಳಗೇ ಇತ್ತು. ನಾನೂ ಮಾಡಿ ನೋಡಬೇಕು ಅನಿಸಿತು.

ಮೊದಲ ತಪ್ಪು ಅಭ್ಯಾಸದ್ದು. ಕ್ಯಾನ್ವಾಸ್ ಕಂಡರೆ ನನ್ನ ಕೈ ಗೆಸ್ಸೊ ಡಬ್ಬಿಗೇ ಹೋಗುತ್ತದೆ. ಗೆಸ್ಸೊ ಅಂದರೆ ಬಣ್ಣ ಬಟ್ಟೆಗೆ ಇಂಗದ ಹಾಗೆ ಮೊದಲೇ ಬಳಿಯುವ ಬಿಳಿ ಲೇಪ. ಬಳಿದು, ತೆಳು ಬಣ್ಣ ಸುರಿದೆ. ಕೆಸುವಿನೆಲೆ ಮೇಲಿನ ನೀರಿನ ಹಾಗೆ ಜಾರಿಹೋಯಿತು.

ಅಮೆರಿಕದ ಚಿತ್ರಕಾರ ಜಾಕ್ಸನ್ ಪೊಲಾಕ್ 1947ರ ಹೊತ್ತಿಗೇ ನ್ಯೂಯಾರ್ಕ್ ಬಳಿಯ ಲಾಂಗ್ ಐಲೆಂಡಿನ ಕೊಟ್ಟಿಗೆಯಲ್ಲಿ ಕ್ಯಾನ್ವಾಸನ್ನು ನೆಲಕ್ಕೆ ಹಾಸಿ, ಸುತ್ತ ಓಡಾಡುತ್ತಾ ಬಣ್ಣ ಚೆಲ್ಲುತ್ತಿದ್ದರು. ನೆಲದ ಮೇಲೆ ಕೆಲಸ ಮಾಡುವುದನ್ನು ಪೊಲಾಕ್ ಅವರಿಂದ ಫ್ರಾಂಕೆಂಥಾಲರ್ ಕಲಿತರು. ಆದರೆ ಎಣ್ಣೆ ಬಣ್ಣಕ್ಕೆ ಟರ್ಪೆಂಟೈನ್ ಬೆರೆಸಿ ನೀರು ಮಾಡಿಕೊಂಡು, ಗೆಸ್ಸೊ ಇಲ್ಲದ ಕೋರಾ ಬಟ್ಟೆಗೆ ಸುರಿದರು. 1953ರಲ್ಲಿ ಚಿತ್ರಕಾರರಾದ ಮಾರಿಸ್ ಲೂಯಿಸ್, ಕೆನೆತ್ ನೋಲ್ಯಾಂಡ್ ವಾಷಿಂಗ್ಟನ್‌ನಿಂದ ನ್ಯೂಯಾರ್ಕಿಗೆ ಹೋಗಿ ‘ಮೌಂಟನ್ಸ್ ಅಂಡ್ ಸೀ’ ನೋಡಿ ಬಂದರು. ಇಬ್ಬರೂ ಅದೇ ದಾರಿ ಹಿಡಿದರು.

ನಾನೂ ಎಣ್ಣೆ ಬಣ್ಣದಿಂದಲೇ ಶುರುಮಾಡಿದೆ. ಗ್ಯಾರೇಜ್ ತುಂಬಾ ವಾಸನೆ, ತಲೆನೋವು. ಕೆಲವು ವಾರ ಬಿಟ್ಟು ನೋಡಿದರೆ ಪ್ರತಿ ಬಣ್ಣದ ಸುತ್ತ ಎಣ್ಣೆ ಕಲೆ, ಬಜ್ಜಿ ಇಟ್ಟ ಪೇಪರಿನಲ್ಲಿ ಹರಡುತ್ತದಲ್ಲ, ಹಾಗೆ. ಆ ಎಣ್ಣೆ ವರ್ಷ ಕಳೆದಂತೆ ನೂಲನ್ನೂ ತಿನ್ನುತ್ತದೆ. 1960ರ ದಶಕದಲ್ಲಿ ಫ್ರಾಂಕೆಂಥಾಲರ್ ಅವರೇ ನೀರು ಬೆರೆಸುವ ಅಕ್ರಿಲಿಕ್ ಬಣ್ಣಕ್ಕೆ ಬಂದರು. ನಾನೂ ಬದಲಿಸಿದೆ.

ಅಕ್ರಿಲಿಕ್‌ಗೆ ಬೇರೆ ಕಷ್ಟ. ಒಣ ಬಟ್ಟೆ ನೀರನ್ನು ಬೇಗ ಕುಡಿಯುವುದಿಲ್ಲ. ಅದಕ್ಕೆ ಪಾತ್ರೆ ತೊಳೆಯುವ ಸೋಪಿನ ಎರಡು ಹನಿ ಹಾಕಿದ ನೀರಿನಲ್ಲಿ ಸ್ಪಂಜು ಅದ್ದಿ ಮೊದಲು ಬಟ್ಟೆ ಒದ್ದೆ ಮಾಡುತ್ತೇನೆ. ಬಣ್ಣ ನೀರುಮಜ್ಜಿಗೆಯಷ್ಟು ತೆಳು ಇರಬೇಕು. ಕೆಳಗೆ ಪ್ಲಾಸ್ಟಿಕ್ ಹಾಸಿದ್ದಾಗ ಬಣ್ಣ ಅಡಿಯಲ್ಲೇ ಹರಿದು ಬೇಡದ ಕಡೆ ಮೇಲೆದ್ದಿತ್ತು. ಈಗ ಹಳೆಯ ಹತ್ತಿ ಬೆಡ್‌ಶೀಟ್ ಹಾಸುತ್ತೇನೆ, ಜಾಸ್ತಿಯಾದದ್ದನ್ನು ಅದು ಹೀರಿಕೊಳ್ಳುತ್ತದೆ.

ಇದರಲ್ಲಿ ಅಳಿಸುವುದು ಅಂತಿಲ್ಲ. ಇಂಗಿದ್ದು ಇಂಗಿತು. ಒದ್ದೆಯಲ್ಲಿ ಗಾಢವಾಗಿ ಕಂಡ ನೀಲಿ ಒಣಗಿದ ಮೇಲೆ ಪೇಲವ ಆಗುತ್ತದೆ. ಹಾಗಾಗಿ ಒಂದು ಬಣ್ಣ ಸುರಿದು, ರಾತ್ರಿ ಕಳೆದ ಮೇಲೆ ಇನ್ನೊಂದು. ನೋಡುವವರಿಗೆ ಸುಮ್ನೆ ಚೆಲ್ಲಿದ ಹಾಗೆ ಕಾಣುತ್ತದೆ, ಅಲ್ವಾ? ಫ್ರಾಂಕೆಂಥಾಲರ್ ಆ ಚಿತ್ರಕ್ಕೆ ಮೊದಲು ಇದ್ದಿಲಿನಲ್ಲಿ ಗೆರೆ ಎಳೆದಿದ್ದರು, ಅವು ಈಗಲೂ ಕಾಣುತ್ತವೆ. ಎಷ್ಟೋ ಕಡೆ ಬರಿ ಬಟ್ಟೆಯನ್ನು ಹಾಗೇ ಬಿಟ್ಟಿದ್ದಾರೆ. ನನಗೆ ಎಲ್ಲಕ್ಕಿಂತ ಕಷ್ಟವಾಗಿದ್ದು ಅದೇ. ನನ್ನ ಏಳನೇ ಬಟ್ಟೆಯಲ್ಲಿ ಎಡಗಡೆ ಒಂದು ಮೊಳ ಜಾಗ ಖಾಲಿ ಉಳಿದಿತ್ತು. ಮೂರು ದಿನ ಹಳದಿ ಡಬ್ಬಿ ಹಿಡಿದು ಅದರ ಮುಂದೆ ನಿಂತೆ. ನಾಲ್ಕನೇ ದಿನ ಡಬ್ಬಿಗೆ ಮುಚ್ಚಳ ಹಾಕಿ, ಬಟ್ಟೆಯನ್ನು ಚೌಕಟ್ಟಿಗೆ ಬಿಗಿದೆ.